ಸತ್ತ ಎತ್ತು ತಂದ ನೀರು

"ಕೇಳ್ರಪ್ಪೋ ಕೇಳ್ರಿ! ಕಾರೆಗುಡ್ಡದ ದೊರೆ ಬೊಮ್ಮನಾಯಕರ ಅಪ್ಪಣೆ! ಇವತ್ತು ಹೊತ್ತು ಮುಳುಗುತ್ತಲೇ ಊರಸುತ್ತಿನ ಕುರುಚಲು ಕಾಡಿಗೆ ಬೆಂಕಿ. ಉಳಿಸಬೇಕೆನ್ನುವವರು ದೊರೆಮಗಳ ಮೂರು ಒಗಟು ಬಿಡಿಸಲಿ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವನ ತಲೆ ಹೋಗುತ್ತದೆ!"

ದೊರೆಗೆ ಕುದುರೆ ಓಡಿಸಲು ಬಯಲು ಬೇಕಿತ್ತು. "ಬರೀ ಮುಳ್ಳುಗಂಟಿ, ಯಾತಕ್ಕೆ ಬಂತು?" ಎಂದಿದ್ದ. ಕಾಡು ಸುಡಬಾರದೆಂದು ಮಗಳು ಹೊನ್ನಾಜಿ ಹಟ ಹಿಡಿದಾಗ, "ಆ ಗಿಡಗಳನ್ನು ಬಲ್ಲವನೊಬ್ಬನನ್ನು ತೋರಿಸು" ಎಂದು ಪಣ ಕಟ್ಟಿದ. ದೊರೆಗಳ ಪಣಕ್ಕೆ ಕಂಡವರ ತಲೆ, ಏನು ಹೇಳೋಣ!

ದೊರೆಮಗಳನ್ನೇ ಕೇಳಬಹುದೆಂಬ ಆಸೆಗೆ ದಳವಾಯಿಯ ಮಗ ಮುಂದೆ ಬಂದ.

"ಒಂದೇ ಗೆಣ್ಣಲ್ಲಿ ಅವಳಿ ಮಕ್ಕಳು. ಒಬ್ಬ ನೆಟ್ಟಗೆ ನಿಂತು ಬರಬೇಡ ಅಂತಾನೆ, ಇನ್ನೊಬ್ಬ ಕೊಕ್ಕೆ ಹಾಕಿ ಹೋಗಬೇಡ ಅಂತಾನೆ. ಯಾವ ಗಿಡ?" ಎಂದಳು ಹೊನ್ನಾಜಿ.

"ಜಾಲಿ" ಎಂದ. ಜಾಲಿಯ ಮುಳ್ಳು ಎರಡೂ ನೆಟ್ಟಗೇ ಇರುತ್ತವೆ. ಅವನ ಕೈ ಕಟ್ಟಿ ಕೂರಿಸಿದರು.

ಅದೇ ಒಗಟಿಗೆ ಪ್ರಧಾನಿಯ ತಮ್ಮ "ಎಲಚಿ" ಎಂದು ಗೆದ್ದ. "ಬುಡ ಕಡಿದು ಸೂರಿಗೆ ನೇತುಹಾಕಿದರೂ ಸಾಯದೆ, ಮಣ್ಣು ಹುಡುಕಿ ದಾರ ಇಳಿಬಿಡುವುದು?" ಎಂದರೆ "ಅಮೃತಬಳ್ಳಿ" ಎಂದ. ಜ್ವರಕ್ಕೆ ಅವನ ತಾಯಿ ಅದನ್ನೇ ಕುದಿಸಿ ಕುಡಿಸುತ್ತಿದ್ದಳು.

"ಬದುಕಿರುವ ಎತ್ತು ಆ ಗಿಡವನ್ನು ಮೂಸಿಯೂ ನೋಡದು. ಸತ್ತ ಎತ್ತು ಅದರಲ್ಲಿ ಮುಳುಗೆದ್ದು, ಬಾವಿಗಿಳಿದು ನೀರು ತರುತ್ತದೆ. ಯಾವ ಗಿಡ?" ಎಂದು ಮೂರನೆಯದನ್ನು ಕೇಳಿದಳು.

"ಎಕ್ಕ. ಅದನ್ನು ದನ ಮೂಸುವುದಿಲ್ಲ."

"ಸತ್ತ ಎತ್ತು?"

"ದೆವ್ವ ಇರಬೇಕು" ಎಂದ, ಬೆವರುತ್ತ. ಅವನ ಕೈಯನ್ನೂ ಕಟ್ಟಿದರು.

ಹೊತ್ತು ಗುಡ್ಡದ ನೆತ್ತಿಗಿಳಿಯಿತು. ಪಂಜು ಹೊತ್ತಿಕೊಂಡವು. ಹೊನ್ನಾಜಿಯ ಕಣ್ಣು ತುಂಬಿತು. ಆಗ, ಉಳಿದ ಮೂರನೆಯ ಒಗಟು ಊರಲ್ಲೆಲ್ಲ ಹರಡಿದ್ದನ್ನು ಕೇಳಿ, ತೊಗಲು ಹದಮಾಡುವ ದುರುಗಪ್ಪ ಏದುಸಿರು ಬಿಡುತ್ತ ಒಳಬಂದ. ಸಭೆ ಮೂಗು ಮುಚ್ಚಿಕೊಂಡಿತು. ಕಾಡು ಸುಟ್ಟರೆ ಅವನ ಒಲೆ ಉರಿಯುವುದಿಲ್ಲ. ಬಾಯಿ ತಪ್ಪಿದರೆ ಅವನೇ ಇರುವುದಿಲ್ಲ.

"ತಂಗಡಿ, ಅವ್ವಾರೆ" ಎಂದ. "ದನ ಅದನ್ನ ಮುಟ್ಟಾಕಿಲ್ಲ. ಸತ್ತ ಎತ್ತಿನ ತೊಗಲನ್ನ ಅದರ ಚಕ್ಕೆ ನೀರಾಗೆ ನೆನೆಹಾಕಿ ಹದ ಮಾಡ್ತೀವಿ, ನೀರು ಸೇದೋ ಚೀಲ ಹೊಲೀತೀವಿ. ನಿಮ್ಮ ಕುದುರೆ ಕುಡಿಯೋದೂ ಆ ಎತ್ತು ತಂದ ನೀರೇ, ಬುದ್ಧಿ."

ಹೊನ್ನಾಜಿ ಎದ್ದು ನಿಂತು "ಸರಿ!" ಎಂದಳು. ದೊರೆ ಪಂಜು ಆರಿಸಲು ಕೈಸನ್ನೆ ಮಾಡಿದ. "ಏನು ಬೇಕೋ ಕೇಳಪ್ಪ."

"ಆ ಇಬ್ಬರ ತಲೆ ಕೊಡ್ರಿ."

ಕೈಕಟ್ಟಿಸಿಕೊಂಡವರ ಮುಖ ಬಿಳಚಿತು. ದೊರೆ ಕತ್ತಿಯವನನ್ನು ಕರೆದ.

"ಅಯ್ಯೋ, ಕುತ್ತಿಗೆ ಮ್ಯಾಲೆ ಇದ್ದಂಗೇ ಕೊಡ್ರಿ ಬುದ್ಧಿ. ಚಕ್ಕೆ ಹೊರೆ ಹೊರಾಕೆ ನಂಗೆ ಆಳಿಲ್ಲ."

ಮರುದಿನ ದಳವಾಯಿಯ ಮಗ ತಂಗಡಿ ಚಕ್ಕೆಯ ಹೊರೆ ಹೊತ್ತು ಪೇಟೆಬೀದಿಯಲ್ಲಿ ಬಂದ. ಜನ ನಕ್ಕರು. ಅವನು ಹೊರೆ ಇಳಿಸಿ, ತಲೆ ಮುಟ್ಟಿ ನೋಡಿಕೊಂಡು, ಇನ್ನೊಂದು ಹೊರೆಗೆ ಹೊರಟ.