ಆಮೆನ್ ಹೇಳುವವರೆಗೆ ಕಣ್ಣು ತೆರೆಯಬಾರದು

ಒಂದು ಕಾಡಿನಲ್ಲಿ... ಆ ಇಡೀ ಕಾಡನ್ನು ನೆಟ್ಟು ಬೆಳೆಸಿದವನು ನಾನೇ. ಸರಿ ಸರಿ, ಹಾಗೆ ನೋಡಬೇಡಿ, ಸುಳ್ಳು. ನಾನು ನೆಟ್ಟದ್ದು ಒಂದೇ ಒಂದು ನುಗ್ಗೆಕೊಂಬೆ, ಅದನ್ನೂ ಪಕ್ಕದ ಮನೆಯ ಆಡು ತಿಂದುಹಾಕಿತು. ಆದರೆ ಕಾಡು ಇದ್ದದ್ದು ನಿಜ. ಅದರಲ್ಲಿ ದೀನಮ್ಮ ಎಂಬ ಚಿಪ್ಪುಹಂದಿ ಇದ್ದದ್ದೂ ನಿಜ.

ದೀನಮ್ಮನ ಮೈತುಂಬ ಚಿಪ್ಪು. ನಡೆದರೆ ತರಗೆಲೆಯ ಮೂಟೆ ಎಳೆದಂತೆ ಸದ್ದು. ಸ್ವಲ್ಪ ಹೆದರಿಕೆಯಾದರೂ ಸಾಕು, ಚೆಂಡಿನಂತೆ ಸುರುಳಿ ಸುತ್ತಿಕೊಂಡುಬಿಡುತ್ತಿದ್ದಳು. ಅಂಥವಳ ಪಕ್ಕದಲ್ಲಿ ಯಾರು ಕೂರುತ್ತಾರೆ? ಯಾರೂ ಕೂರುತ್ತಿರಲಿಲ್ಲ, ಆ ಕಾಡಿಗೆ ಒಂದು ಮುದಿ ಎತ್ತು ಬರುವವರೆಗೆ.

ಆ ಎತ್ತು ಜೀವಮಾನವೆಲ್ಲ ಒಬ್ಬ ಪಾದ್ರಿಯವರ ಗಾಡಿ ಎಳೆದಿತ್ತು. ಭಾನುವಾರ ಬಂದರೆ ಅದನ್ನು ಚರ್ಚಿನ ಕಿಟಕಿಯ ಹೊರಗೆ ಕಟ್ಟುತ್ತಿದ್ದರು. ಒಳಗಿದ್ದವರು ತೂಕಡಿಸಿದರೂ ಹೊರಗಿದ್ದ ಎತ್ತು ತೂಕಡಿಸಲಿಲ್ಲ. ಪ್ರಸಂಗವನ್ನೆಲ್ಲ ಕೇಳಿಸಿಕೊಂಡಿತು. ವಯಸ್ಸಾದ ಮೇಲೆ ಕಾಡು ಸೇರಿ, ಅತ್ತಿಮರದ ಕೆಳಗೆ ಪ್ರಾಣಿಗಳನ್ನೆಲ್ಲ ಕೂಡಿಸಿ ಹೇಳಿತು:

“ಭಾನುವಾರ ಕೆಲಸಕ್ಕೆ ಬಿಡುವು ಕೊಟ್ಟು ಒಟ್ಟಿಗೆ ಸೇರಿ. ದೇವರನ್ನು ಮನಸಾರೆ ಪ್ರೀತಿಸಿ. ಪಕ್ಕದವರನ್ನು ನಿಮ್ಮ ಹಾಗೆಯೇ ಕಾಣಿ. ಯೇಸುಸ್ವಾಮಿ ಬದುಕಿ ತೋರಿಸಿದ್ದು ಇದನ್ನೇ. ಮಿಕ್ಕಿದ್ದೆಲ್ಲ ನನ್ನ ಕೊರಳ ಗೆಜ್ಜೆ ಇದ್ದ ಹಾಗೆ. ಇದ್ದರೆ ಚೆಂದ, ಆದರೆ ಗಾಡಿ ಎಳೆಯೋದು ಗೆಜ್ಜೆಯಲ್ಲ.”

“ಪಕ್ಕದವರು ಅಂದ್ರೆ ಪಕ್ಕ ಕೂತವರಾ?” ಎಂದು ಕೇಳಿದಳು ದೀನಮ್ಮ. ಅವಳ ಪಕ್ಕ ಯಾರೂ ಕೂತಿರಲಿಲ್ಲವಲ್ಲ, ಅದಕ್ಕೆ.

“ಯಾರ ಕೂಗು ನಿನ್ನ ಕಿವಿಗೆ ಬಿತ್ತೋ ಅವರು, ತಾಯಿ” ಎಂದಿತು ಎತ್ತು.

ಅವತ್ತು ಸಲೋಮಿ ಎಂಬ ಕಾಡುಕೋಳಿ ಎದ್ದು ಬಂದು, “ಸ್ವಲ್ಪ ಜರುಗು ದೀನಕ್ಕಾ” ಎಂದು ಅವಳಿಗೆ ಒರಗಿ ಕುಳಿತಳು. ಆ ಬೆಚ್ಚನೆಯ ರೆಕ್ಕೆಗಾಗಿ ದೀನಮ್ಮ ವಾರವಿಡೀ ಭಾನುವಾರದ ದಾರಿ ಕಾಯತೊಡಗಿದಳು.

ಕೆಲಕಾಲಕ್ಕೆ ಎತ್ತು ತೀರಿಕೊಂಡಿತು. ಮಾರನೆಯ ಭಾನುವಾರವೇ ಜ್ಞಾನಪ್ಪ ಎಂಬ ನರಿ ಬಂಡೆ ಹತ್ತಿ ನಿಂತ. ಎತ್ತು ಬದುಕಿದ್ದಾಗ ಆ ಕಡೆ ತಲೆಯನ್ನೂ ಹಾಕದವನು, ಈಗ ಸಭೆಗೆ ತಾನೇ ಹಿರಿಯ ಎಂದ.

“ಎತ್ತಪ್ಪ ಪ್ರಾಣ ಬಿಡುವಾಗ ನನ್ನ ಕಿವಿಯಲ್ಲಿ ಕೆಲವು ನಿಯಮ ಹೇಳಿಹೋದ. ಭಾನುವಾರ ಯಾರೂ ನೆಲ ಅಗೆಯಬಾರದು. ಪ್ರಾರ್ಥನೆಗೆ ಕಣ್ಣು ಮುಚ್ಚಿದ ಮೇಲೆ ನಾನು ಆಮೆನ್ ಅನ್ನುವ ತನಕ ತೆರೆಯಬಾರದು. ತೆರೆದವರು ಸಭೆಯಿಂದ ಹೊರಗೆ! ಇನ್ನೊಂದು ಮಾತು. ಸೈತಾನ ಮೋಸಗಾರ. ದೂರದಲ್ಲಿ ನಿಂತು ತಾನೂ ಆಮೆನ್ ಅಂತ ಕೂಗುತ್ತಾನೆ. ನಂಬಬೇಡಿ. ಈ ಬಂಡೆಯ ಮೇಲಿಂದ ಬಂದರೆ ಮಾತ್ರ ಅದು ಆಮೆನ್.”

ಪ್ರಾಣಿಗಳು ಭಕ್ತಿಯಿಂದ ತಲೆಯಾಡಿಸಿದವು. ಜ್ಞಾನಪ್ಪ ಗಂಟಲು ಸರಿಮಾಡಿಕೊಂಡು ಜೋರಾಗಿ ಪ್ರಾರ್ಥಿಸಿದ. ನಡುವೆ, “ಇನ್ನು ಮೌನಪ್ರಾರ್ಥನೆ” ಎಂದ. ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತರು. ನರಿ ಮೆಲ್ಲಗೆ ಬಂಡೆ ಇಳಿದು ಹೋದ. ಸಲೋಮಿಯ ಗೂಡಿನಲ್ಲಿ ಮೊಟ್ಟೆ ಕುಡಿದ, ಕರಡಿ ಬಚ್ಚಿಟ್ಟ ಜೇನು ನೆಕ್ಕಿದ, ಬಾಯಿ ಒರೆಸಿಕೊಂಡು ವಾಪಸ್ಸು ಬಂದು “ಆಮೆನ್” ಎಂದ.

ಸಲೋಮಿ ಗೂಡಿಗೆ ಹೋಗಿ ನೋಡಿ, ಅಳುತ್ತ ಓಡಿಬಂದಳು. “ಹಿರಿಯರೇ, ನನ್ನ ಮೊಟ್ಟೆ ಒಂದೂ ಇಲ್ಲ!”

“ನಡುವೆ ಕಣ್ಣು ತೆರೆದಿರಬೇಕು ನೀನು. ದೇವರ ಶಿಕ್ಷೆ” ಎಂದ ಜ್ಞಾನಪ್ಪ.

ಪಾಪ, ಅವಳು ನಂಬಿದಳು. ಮುಂದಿನ ವಾರ ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿದಳು. ಹೀಗೆ ಮೌನಪ್ರಾರ್ಥನೆ ಉದ್ದವಾಗುತ್ತ ಹೋಯಿತು, ಹಿರಿಯರ ಹೊಟ್ಟೆ ದಪ್ಪವಾಗುತ್ತ ಹೋಯಿತು. ನೋಡಿದವರು “ಪ್ರಾರ್ಥನೆಯ ಬಲ!” ಎಂದರು.

ಒಂದು ಭಾನುವಾರ ಎಲ್ಲರೂ ಕಣ್ಣು ಮುಚ್ಚಿ ಕುಳಿತಿದ್ದಾಗ ದೂರದಿಂದ ಒಂದು ಕೂಗು ಬಂತು. “ಅಯ್ಯೋ! ಮುಳುಗ್ತಾ ಇದ್ದೀನಿ! ಯಾರಾದ್ರೂ ಬನ್ನಿ!” ಬಾವಿಯೊಳಗಿಂದ ಬಂದಂಥ ದನಿ, ಯಾರದೆಂದು ಗುರುತು ಸಿಗುವ ಹಾಗಿರಲಿಲ್ಲ.

“ಕೇಳಿಸ್ತಾ?” ಎಂದು ಪಿಸುಗುಟ್ಟಿತು ಮುದಿ ಮೊಲ.

“ಶ್! ಇನ್ನೂ ಆಮೆನ್ ಆಗಿಲ್ಲ” ಎಂದಿತು ಕರಡಿ.

ಕೂಗು ಬದಲಾಯಿತು. “ಆಮೆನ್! ಅಯ್ಯೋ ಆಮೆನ್! ಆಮೆನ್ ಕಣ್ರೋ!”

“ನೋಡಿದ್ರಾ, ಸೈತಾನ! ಹಿರಿಯರು ಹೇಳಿದ ಹಾಗೇ ಕೂಗ್ತಾನೆ” ಎಂದು ಕರಡಿ ಕಣ್ಣಿನ ಮೇಲೆ ಎರಡೂ ಕೈ ಇಟ್ಟುಕೊಂಡಿತು.

ದೀನಮ್ಮ ಚೆಂಡಾದಳು. ಚಿಪ್ಪಿನೊಳಗಿನ ಕತ್ತಲಲ್ಲಿ ಯೋಚಿಸಿದಳು. ಕಣ್ಣು ತೆರೆದರೆ ಸಭೆಯಿಂದ ಹೊರಗೆ. ಮತ್ತೆ ಒಂಟಿ. ಮತ್ತೆ ಯಾರೂ ‘ಜರುಗು ದೀನಕ್ಕಾ’ ಅನ್ನುವುದಿಲ್ಲ. ಹೊರಗಿನ ಕೂಗು ಕ್ಷೀಣವಾಗುತ್ತಿತ್ತು. ‘ಯಾರ ಕೂಗು ನಿನ್ನ ಕಿವಿಗೆ ಬಿತ್ತೋ ಅವರು, ತಾಯಿ.’

“ದೇವರೇ, ನಿಯಮ ಮುರೀತಾ ಇದ್ದೀನಿ” ಎಂದಳು ದೀನಮ್ಮ. “ನಿನ್ನ ಮಾತು ಮುರಿಯೋಕೆ ನನ್ನ ಕೈಲಾಗಲ್ಲ.”

ಸುರುಳಿ ಬಿಚ್ಚಿದಳು. ಕಣ್ಣು ತೆರೆದಳು. ಕೂಗು ಬಂದ ಕಡೆ ಓಡಿದಳು.

ಹಿಂದೆ ಯಾರೋ ಆನೆ ಹಿಡಿಯಲು ತೋಡಿದ ಹಳ್ಳ ಅದು. ಮೇಲೆ ಹುಲ್ಲು ಮುಚ್ಚಿತ್ತು, ಕೆಳಗೆ ಕೆಂಪು ಕೆಸರು. ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತು ನಿಂತಿದ್ದವನು ಜ್ಞಾನಪ್ಪ!

“ಹಿರಿಯರೇ? ನೀವು ಬಂಡೆ ಮೇಲೆ ಇರಬೇಕಿತ್ತಲ್ಲ?”

“ಅದೆಲ್ಲ ಆಮೇಲೆ! ಅಗಿ, ಬೇಗ ಅಗಿ!”

“ಇವತ್ತು ಭಾನುವಾರ. ಅಗೆಯಬಾರದು ಅಂದಿದ್ರಿ.”

“ನಾನು ಹೇಳಿದ್ದು ಸಣ್ಣ ಗುಂಡಿಗೆ, ದೀನಮ್ಮಾ! ದೊಡ್ಡ ಹಳ್ಳಕ್ಕೆ ಆ ನಿಯಮ ಇಲ್ಲ!”

ಬಾಯಲ್ಲಿ ಹಾಗೆ ಕೇಳಿದರೂ ದೀನಮ್ಮ ಅಷ್ಟರಲ್ಲಾಗಲೇ ಅಗೆಯುತ್ತಿದ್ದಳು. ಹಳ್ಳದ ಅಂಚನ್ನು ಕೆರೆದು ಕೆರೆದು ಇಳಿಜಾರು ಮಾಡಿ, ತನ್ನ ಉದ್ದನೆಯ ಬಾಲ ಕೆಳಗೆ ಬಿಟ್ಟಳು. ನರಿ ಅದನ್ನು ಕಚ್ಚಿ ಹಿಡಿದು ಮೇಲೆ ಬಂದ. ಬಂದವನು ‘ಬದುಕಿದೆ’ ಎಂದೂ ಹೇಳಲಿಲ್ಲ. ಇವಳು ಹೋಗಿ ಬಾಯಿ ಬಿಡುವುದರೊಳಗೆ ಇವಳ ಮೇಲೇ ತಪ್ಪು ಹೊರಿಸಬೇಕು ಎಂದು ಕಾಲಿಗೆ ಬುದ್ಧಿ ಹೇಳಿದ.

ಬಂಡೆ ಹತ್ತಿ “ಆಮೆನ್!” ಎಂದು ಗರ್ಜಿಸಿದ. ಎಲ್ಲರೂ ಕಣ್ಣು ತೆರೆದರು. ಸಲೋಮಿಯ ಪಕ್ಕದ ಜಾಗ ಖಾಲಿಯಾಗಿತ್ತು.

“ಈ ಸಭೆಯಲ್ಲಿ ಒಬ್ಬಳು ನಿಯಮ ಮೀರಿದ್ದಾಳೆ! ದೀನಮ್ಮ ಕಣ್ಣು ತೆರೆದಳು, ಭಾನುವಾರ ನೆಲ ಅಗೆದಳು. ನಾನೇ ಕಣ್ಣಾರೆ ಕಂಡೆ!”

ದೀನಮ್ಮ ಮೆಲ್ಲಗೆ ನಡೆದು ಬಂದಳು. ಉಗುರಿನ ತುಂಬ ಕೆಂಪು ಮಣ್ಣು.

“ಹೌದು” ಎಂದಳು. “ಯಾರೋ ಕೂಗ್ತಾ ಇದ್ರು. ಹೋದೆ.” ಯಾರು ಎಂದು ಹೇಳಲಿಲ್ಲ.

ಮುದಿ ಮೊಲ ಕಿವಿ ಕೆರೆದುಕೊಂಡು ಕೇಳಿತು: “ಅಲ್ಲಾ ಹಿರಿಯರೇ, ನೀವು ಕಣ್ಣಾರೆ ಕಾಣಬೇಕಾದ್ರೆ ನಿಮ್ಮ ಕಣ್ಣು...?”

ಎಲ್ಲರೂ ಜ್ಞಾನಪ್ಪನ ಕಡೆ ತಿರುಗಿ ನೋಡಿದರು. ಬಂಡೆಯ ಮೇಲೆ ಬಿಸಿಲು ಚೆನ್ನಾಗಿತ್ತು. ಕುತ್ತಿಗೆಯವರೆಗೆ ಕೆಂಪು ಕೆಸರು, ಮೀಸೆಯಲ್ಲಿ ಹಳದಿ ಲೋಳೆ, ಅದಕ್ಕೆ ಅಂಟಿಕೊಂಡ ಒಂದು ಮೊಟ್ಟೆಯ ಚಿಪ್ಪು.

“ನನ್ನ ಮೊಟ್ಟೆ!” ಎಂದಳು ಸಲೋಮಿ.

ಆಮೇಲೆ ನಡೆದದ್ದನ್ನು ವಿವರಿಸುವುದಿಲ್ಲ, ಮಕ್ಕಳಿದ್ದಾರೆ. ಕೋಳಿಯ ಕೊಕ್ಕು ಎಷ್ಟು ಚೂಪು ಎಂದು ಜ್ಞಾನಪ್ಪನ ಬಾಲಕ್ಕೆ ಗೊತ್ತಾಯಿತು ಅಷ್ಟೇ.

“ಇವನನ್ನು ಸಭೆಯಿಂದ ಹೊರಗೆ ಹಾಕಿ!” ಎಂದಿತು ಕರಡಿ.

“ಬೇಡ” ಎಂದಳು ದೀನಮ್ಮ. “ಅದೂ ಅವರು ಮಾಡಿದ ನಿಯಮವೇ. ಹಳ್ಳ ಮುಚ್ಚಲಿ, ಇನ್ನೊಬ್ಬರು ಬೀಳದ ಹಾಗೆ. ಆಮೇಲೆ ಬಂದು ಕೂರಲಿ.”

ಅಂದ ಹಾಗೇ ಆಯಿತು. ನರಿ ವಾರವಿಡೀ ಬೆವರು ಸುರಿಸಿ ಒಬ್ಬನೇ ಹಳ್ಳ ಮುಚ್ಚಿದ. ಭಾನುವಾರ ಬೋಳು ಬಾಲ ಮಡಚಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತ. ಸಲೋಮಿ ಒಂದು ಕಣ್ಣು ಮುಚ್ಚಿ ದೇವರನ್ನು ನೆನೆದಳು, ಇನ್ನೊಂದು ಕಣ್ಣನ್ನು ಅವನ ಮೇಲಿಟ್ಟಳು. ಕೋಳಿಗೆ ಅದು ಸುಲಭ. ಪ್ರಾರ್ಥನೆ ಶುರುವಾಗುವ ಮೊದಲು ಮಾತ್ರ ಅವಳು ಮೊಣಕೈ ತಿವಿದಂತೆ ರೆಕ್ಕೆಯಿಂದ ತಿವಿದು ಹೇಳಿದಳು: “ಸ್ವಲ್ಪ ಜರುಗು ದೀನಕ್ಕಾ.”

ನೀತಿ: ಮನುಷ್ಯರು ಮಾಡಿದ ನಿಯಮ ಪ್ರೀತಿಗೆ ಅಡ್ಡ ಬಂದರೆ ದೇವರ ಮಾತನ್ನೇ ಹಿಡಿಯಬೇಕು; ಕಷ್ಟದಲ್ಲಿರುವವರ ಕಡೆ ಓಡುವುದೂ ಪ್ರಾರ್ಥನೆಯೇ.

ನಾನಂತೂ ಆಮೆನ್ ಅಂದೆ. ಈಗ ಎಲ್ಲರೂ ಕಣ್ಣು ತೆರೆದು ಈ ಖಾಲಿ ಲೋಟ ನೋಡಿ. ಪಕ್ಕದಲ್ಲಿ ಕೂತವರು ಯಾರಪ್ಪಾ? ನನ್ನ ಟೀ ದುಡ್ಡು ಕೊಟ್ಟುಬಿಡಿ.