ಹೂ ಬಿಟ್ಟ ಸೆಣಬು

“ಗುರುಗಳೇ, ನನ್ನನ್ನು ಈಗಲೇ ಏಕೆ ಕಳಿಸುತ್ತೀರಿ?”

ಕೇಳಿದವನು ಕಪಿನಪ್ಪ. ಚಿಕ್ಕಂದಿನಲ್ಲೇ ಮಠ ಸೇರಿ, ಓದಿ ಬೆಳೆದು, ಈಗ ಸಂಜೆಯ ಪ್ರವಚನ ಮಾಡುತ್ತಿದ್ದ ಶಿಷ್ಯ. ಅವನ ಮಾತು ಕೇಳಲು ಸುತ್ತಲ ಊರುಗಳಿಂದ ಜನ ಬರತೊಡಗಿದ್ದರು. ಅಂಥ ಹೊತ್ತಿನಲ್ಲಿ ಗುರುಗಳು ಅವನನ್ನು ಕರೆದು, ಬೆಟ್ಟದ ತಪ್ಪಲಿನ ಶಾಖಾಮಠಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಅಕ್ಷರ ಕಲಿಸು ಎಂದಿದ್ದರು. ಅಲ್ಲಿ ಸಭೆಯಿಲ್ಲ, ಹಾರ ತುರಾಯಿಯಿಲ್ಲ. ಇರುವುದು ಸೋರುವ ಒಂದು ಕೋಣೆ ಮತ್ತು ಕಲಿಸುವವರಿಲ್ಲದ ಮಕ್ಕಳು. ಕಪಿನಪ್ಪನಿಗೆ ದುಃಖವಾಗಿತ್ತು, ಸಿಟ್ಟೂ ಬಂದಿತ್ತು.

“ಜನ ಈಗತಾನೆ ನನ್ನನ್ನು ಗುರುತಿಸುತ್ತಿದ್ದಾರೆ. ಇನ್ನಷ್ಟು ಕಾಲ ಇಲ್ಲೇ ಬೆಳೆದು ಆಮೇಲೆ ಹೋದರೆ ಆ ಮಕ್ಕಳಿಗೂ ಹೆಚ್ಚು ಕೊಡಬಹುದಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಕಾಲುವೆಯ ಕೆಳಗಿನ ಒಂದು ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಪಾಲು ಯಜಮಾನನಿಗೆ, ಉಳಿದದ್ದು ಇವನ ಮನೆಗೆ. ವರ್ಷ ವರ್ಷವೂ ಬತ್ತದ ಮೇಲೆ ಬತ್ತವನ್ನೇ ಬೆಳೆದು ಆ ಮಣ್ಣು ಸೋತುಹೋಗಿತ್ತು. ಯೂರಿಯಾ ಎರಚಿದರೆ ಪೈರು ಕೆಲವು ದಿನ ಹಸಿರಾಗಿ ನಿಲ್ಲುತ್ತಿತ್ತು. ದೊಡ್ಡ ಮಳೆ ಬಂದು ಗದ್ದೆಯ ನೀರು ಹರಿದರೆ ಗೊಬ್ಬರವೂ ಅದರ ಹಿಂದೆಯೇ ಹೊರಟುಬಿಡುತ್ತಿತ್ತು, ಪೈರು ಮತ್ತೆ ಹಳದಿಗೆ ತಿರುಗುತ್ತಿತ್ತು. ತೆನೆಯಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ.

ಯಜಮಾನ ಬಂದು ನೋಡಿದ. “ಈ ಸಲವೂ ಜೊಳ್ಳಾದ್ರೆ ಗದ್ದೆನ ಬೇರೆಯೋರಿಗೆ ಕೊಟ್ಬಿಡ್ತೀನಿ ಕಣಪ್ಪ. ಬೇಜಾರು ಮಾಡ್ಕೋಬೇಡ” ಎಂದ. ಅನ್ನ ಕಿತ್ತುಕೊಳ್ಳುವಾಗಲೂ ಬೇಜಾರು ಮಾಡಿಕೊಳ್ಳಬೇಡ ಎನ್ನುವಷ್ಟು ಒಳ್ಳೆಯ ಮನುಷ್ಯ ಆ ಯಜಮಾನ.

ರೈತನಿಗೆ ಹಠ ಬಂತು. ಆ ಗದ್ದೆಯ ಒಂದೊಂದು ಬದುವನ್ನೂ ಅವನೇ ಕಟ್ಟಿದ್ದ. ಪ್ರಾಣ ಹೋದರೂ ಅದನ್ನು ಬಿಡಬಾರದು ಎಂದುಕೊಂಡ. ಮೊದಲ ಮಳೆಗೆ ನೆಲ ಉತ್ತು ಸೆಣಬು ಬಿತ್ತಿದ.

ಈ ಸೆಣಬು ಚೀಲ ಮಾಡುವ ಸೆಣಬಲ್ಲ, ಹಸಿರು ಗೊಬ್ಬರದ್ದು; ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮೈಗೆ ಕೂಡಿಸಿಕೊಳ್ಳುವ ಗಿಡ. ಅದನ್ನು ಬೆಳೆಯುವುದು ಮಣ್ಣಿಗೆ ಕೊಡುವುದಕ್ಕಾಗಿ. ಮೊಗ್ಗು ಬಿರಿಯುವ ಹೊತ್ತಿಗೆ, ಇನ್ನೂ ಎಳಸಾಗಿರುವಾಗಲೇ, ಉತ್ತು ಕೆಸರಿಗೆ ಸೇರಿಸಬೇಕು. ಆಗ ಅದು ಕೊಳೆತು ಬತ್ತಕ್ಕೆ ಊಟವಾಗುತ್ತದೆ. ಹಾಗೇ ಬಿಟ್ಟರೆ ಕೂಡಿಸಿದ್ದೆಲ್ಲ ಕಾಯಿಗೆ ಹೋಗುತ್ತದೆ, ದಂಟು ನಾರಾಗುತ್ತದೆ, ಮಣ್ಣಿಗೆ ದಕ್ಕುವುದು ಕಡಿಮೆ. ಇದೆಲ್ಲ ರೈತನಿಗೆ ಚೆನ್ನಾಗಿ ಗೊತ್ತಿತ್ತು.

ಸೆಣಬು ಆಳೆತ್ತರ ಬೆಳೆಯಿತು. ಮೊಗ್ಗು ಬಂತು. ರೈತ ಬೆಳಿಗ್ಗೆಯೇ ಎತ್ತು ಹೊಡೆದುಕೊಂಡು ಗದ್ದೆಗೆ ಹೋದ, ನೇಗಿಲು ಹೂಡಿದ. ತಲೆಯೆತ್ತಿ ನೋಡಿದರೆ ರಸ್ತೆ ಬದಿಯ ಮೂಲೆ ಆಗಲೇ ಹೂವಾಗಿತ್ತು, ಹಳದಿಯೆಂದರೆ ಹಳದಿ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ಸೋತ ಗದ್ದೆ ಎಂದು ಆಡಿಕೊಂಡಿದ್ದವರೇ “ಏನು ಚಂದ ಬಂದೈತೆ ಮಾರಾಯ!” ಎಂದರು. ಒಬ್ಬ ಮೋಟಾರು ಸೈಕಲ್ ನಿಲ್ಲಿಸಿ, ಹೆಂಡತಿಯನ್ನು ಹೂವಿನ ನಡುವೆ ನಿಲ್ಲಿಸಿ ಫೋಟೊ ತೆಗೆದ. ಅಷ್ಟು ವರ್ಷಗಳಲ್ಲಿ ಆ ಗದ್ದೆಯ ಬಗ್ಗೆ ಒಬ್ಬರಾದರೂ ಒಳ್ಳೆಯ ಮಾತು ಆಡಿರಲಿಲ್ಲ. ರೈತನ ಎದೆ ತುಂಬಿ ಬಂತು. ಎತ್ತುಗಳ ನೊಗ ಬಿಚ್ಚಿ ಮನೆಗೆ ಹೊಡೆದುಕೊಂಡು ಬಂದ.

ನಾಳೆ ಎಂದ. ಮರುದಿನವೂ ನಾಳೆ ಎಂದ. ಅಷ್ಟರಲ್ಲಿ ಗದ್ದೆಯ ಉಳಿದ ಭಾಗವೂ ಮೊಗ್ಗೊಡೆಯತೊಡಗಿತು. ಕಾಲುವೆಗೆ ನೀರು ಬಿಟ್ಟರು. ಅಕ್ಕಪಕ್ಕದವರು ಕೆಸರು ಮಾಡಿ ನಾಟಿಗೆ ಇಳಿದರು. ಇವನು ಬದುವಿನ ಮೇಲೆ ಕೂತು ತನ್ನ ಸೆಣಬನ್ನು ತಾನೇ ನೋಡುತ್ತಿದ್ದ, ಮಗಳ ಮದುವೆ ಮುಂದೂಡುವ ತಂದೆಯ ಹಾಗೆ.

ಕೊನೆಗೆ ಹೆಂಡತಿಯೇ ಗದ್ದೆಗೆ ಬಂದಳು. ಒಂದು ಗಿಡ ಕಿತ್ತು ದಂಟನ್ನು ಬಗ್ಗಿಸಿದಳು. ಅದು ಪಟ್ಟನೆ ಮುರಿಯಲಿಲ್ಲ, ನಾರು ಹಿಡಿದು ಜೋತುಬಿತ್ತು.

“ಮುರೀತಾನೇ ಇಲ್ಲ ನೋಡಿ. ಇವತ್ತು ನಾರು, ನಾಳೆ ಕಡ್ಡಿ. ಆಮೇಲೆ ಎಷ್ಟು ಉತ್ತರೂ ಮಣ್ಣಲ್ಲಿ ಕರಗುತ್ತಾ?”

“ಹೂ ಬಿಟ್ಟಿರೋದನ್ನ ಹೆಂಗೆ ತುಳಿಸಲೇ? ನನ್ನ ಕೈಯಲ್ಲಿ ಆಗ್ತಿಲ್ಲ.”

“ನೀವು ಗದ್ದೆ ಉಳಿಸ್ಕೊಳ್ಳೋಕೆ ಬಿತ್ತಿದ್ದು. ದಾರಿಹೋಕರು ಹೊಗಳಿದ್ರು ಅಂತ ಅದೂ ಮರೆತುಹೋಯ್ತಾ?”

ಆ ರಾತ್ರಿ ರೈತ ಸರಿಯಾಗಿ ಉಣ್ಣಲಿಲ್ಲ. ಬೆಳಿಗ್ಗೆ ಎತ್ತು ಹೂಡಿ ನೇರವಾಗಿ ರಸ್ತೆ ಬದಿಯ ಮೂಲೆಗೇ ಹೋದ. ಹಿಂದಿನ ಮೂಲೆಯಿಂದ ಶುರುಮಾಡಿದರೆ ಮುಂದಿನದನ್ನು ಉಳಿಸಿಕೊಳ್ಳುವ ಆಸೆ ಮತ್ತೆ ಹುಟ್ಟುತ್ತದೆಂದು ಅವನಿಗೆ ತಿಳಿದಿತ್ತು. ಹೂವಿನ ಸಮೇತ ಸೆಣಬು ಕೆಸರಿಗೆ ಉರುಳಿತು. ಯಜಮಾನನೇ ಆ ದಾರಿಯಲ್ಲಿ ಬಂದು, “ಹುಚ್ಚು ಗಿಚ್ಚು ಹಿಡೀತೇನಯ್ಯ ನಿಂಗೆ?” ಎಂದು ಕೂಗಿದ. ರೈತ ನೇಗಿಲಿನ ಮೇಣಿಯ ಮೇಲಿನ ಕೈ ತೆಗೆಯಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎತ್ತುಗಳು ನಡೆಯುತ್ತಿದ್ದವು. ಸಂಜೆಯ ಹೊತ್ತಿಗೆ ಗದ್ದೆಯಲ್ಲಿ ಒಂದು ಹೂವೂ ನಿಂತಿರಲಿಲ್ಲ.

ಆಮೇಲೆ ಗದ್ದೆ ನಾರಿತು. ಹೊಗಳಿ ಹೋಗಿದ್ದ ಜನ ಮೂಗು ಮುಚ್ಚಿಕೊಂಡು ದಾಟಿದರು. ಫೋಟೊಗೆ ಯಾರೂ ಬರಲಿಲ್ಲ. ಸೊಪ್ಪು ಕೊಳೆತ ಮೇಲೆ ರೈತ ನಾಟಿ ಹಾಕಿಸಿದ. ಆ ಸಲವೂ ಮಳೆ ಬಂತು, ನೀರು ಹರಿಯಿತು. ಪೈರು ಹಳದಿಯಾಗಲಿಲ್ಲ. ಮೊದಲು ಹೂ ಬಿಟ್ಟಿದ್ದ ರಸ್ತೆ ಬದಿಯ ಮೂಲೆಯಲ್ಲಿ ಮಾತ್ರ ಬಲಿತ ದಂಟು ಕರಗದೆ ಉಳಿದು, ಬತ್ತ ಕೊನೆಯವರೆಗೂ ಬಿಳಚಿಕೊಂಡೇ ಇತ್ತು. ಉಳಿದ ಕಡೆಯೆಲ್ಲ ತೆನೆ ಭಾರಕ್ಕೆ ಬಾಗಿತು. ಯಜಮಾನ ಬಂದು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿದ. ಗದ್ದೆ ಬಿಡು ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಕತೆ ಮುಗಿಯಿತು. ಕಪಿನಪ್ಪ ಜಾಣ, ಕತೆಯನ್ನು ತನ್ನ ಮೇಲೆ ಹಾಕಿಕೊಳ್ಳಲು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋವಾದರೂ ಮನಸ್ಸು ಗಟ್ಟಿಮಾಡಿಕೊಂಡ.

“ತಿಳಿಯಿತು ಗುರುಗಳೇ. ಆ ಸೆಣಬು ನಾನು. ಹೂ ಬಿಟ್ಟಿದ್ದೇನೆ, ನಾರಾಗುವ ಮೊದಲು ಮಣ್ಣಿಗೆ ಸೇರಬೇಕು. ನಾಳೆ ಬೆಳಿಗ್ಗೆಯೇ ಹೊರಡುತ್ತೇನೆ” ಎಂದ. ಎದ್ದು, ಕಾಲಿಗೆ ನಮಸ್ಕರಿಸಲು ಬಾಗಿದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ನೀನು ಕೇಳಿದ್ದು ಸೆಣಬಿನ ಕತೆ, ಕಪಿನಪ್ಪ, ನಾನು ಹೇಳಿಕೊಂಡದ್ದು ನಿನ್ನನ್ನು ಕಳಿಸಲಾರದೆ ಕೂತಿರುವ ರೈತನ ಕತೆ.”