ಕಪಾಟಿನೊಳಗೆ ಉಳಿದ ಬೇಸ್ ಗಿಟಾರ್

ಮಂಗಳೂರಿನಲ್ಲಿ ಆಂಬ್ರೋಸ್ ಎಂಬ ಕನ್ನಡಕದ ಅಂಗಡಿಯವನಿದ್ದ. ವಾರವೆಲ್ಲ ಅಂಗಡಿ, ರಜೆಯ ದಿನ ಮದುವೆಮನೆಗಳಲ್ಲಿ ಬ್ಯಾಂಡು. ಬ್ಯಾಂಡಿನಲ್ಲಿ ಅವನು ನುಡಿಸುತ್ತಿದ್ದುದು ಬೇಸ್ ಗಿಟಾರ್. ಅದರ ತಂತಿಗಳು ದಪ್ಪ, ದನಿ ತಗ್ಗು. ಹಾಡು ಕೇಳುವವರು ಅದನ್ನು ಗಮನಿಸುವುದೇ ಕಡಿಮೆ. ಅದು ನಿಂತುಬಿಟ್ಟರೆ ಮಾತ್ರ, ಏನೋ ಕಡಿಮೆಯಾಯಿತಲ್ಲ ಎಂದು ಎಲ್ಲರಿಗೂ ಅನಿಸುತ್ತದೆ.

ಅದೇ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವನು ಸಿಪ್ರಿಯನ್. ಅವನದು ಬೇಕರಿ. ಇಬ್ಬರೂ ಕಾಲೇಜಿನ ದಿನಗಳಿಂದ ಜೊತೆಗಾರರು. ಬೇಸ್ ಮತ್ತು ಡ್ರಮ್ಸ್ ಒಂದೇ ಉಸಿರಿನಲ್ಲಿ ನಡೆಯಬೇಕು ಎನ್ನುತ್ತಾರೆ. ಇವರಿಬ್ಬರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಂಬ್ರೋಸನಿಗೆ ಒಂದು ಆಸೆಯಿತ್ತು. ಕಾರ್ಖಾನೆಯಲ್ಲಿ ರಾಶಿ ರಾಶಿ ತಯಾರಾದದ್ದಲ್ಲ, ಒಬ್ಬನೇ ಕುಶಲಕರ್ಮಿ ಕೈಯಾರೆ ಕೆತ್ತಿ ಮಾಡಿದ ಬೇಸ್ ತನ್ನದಾಗಬೇಕು. ಪುದುಚೇರಿಯ ಕಡೆ ಅಂಥವರೊಬ್ಬರಿದ್ದರು. ಅವರಿಗೆ ಹೇಳಿ, ಬಹಳ ಕಾಲ ಕಾದು, ಒಂದನ್ನು ಮಾಡಿಸಿಕೊಂಡ. ಆಮೇಲೆ ಇನ್ನೊಂದು. ಕೊನೆಗೆ ಮೂರನೆಯದು. ಅದೇ ಅವನ ಜೀವ. ಅಕ್ರೋಟ್ ಮರದ ಮೈ, ಮರದ ಗೆರೆಗಳು ಹರಿಯುವ ನೀರಿನ ಹಾಗೆ. ತಗ್ಗಿನ ತಂತಿ ಮೀಟಿದರೆ ಮೇಜಿನ ಮೇಲಿನ ಲೋಟಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

ಅವುಗಳಿಗೆಂದೇ ಗಾಜಿನ ಕಪಾಟು ಮಾಡಿಸಿದ. ಕರಾವಳಿಯ ತೇವಕ್ಕೆ ಗಿಟಾರಿನ ಕತ್ತು ಬಾಗುತ್ತದೆಂದು ಒಳಗೆ ಗಾಳಿ ಒಣಗಿಸುವ ಯಂತ್ರ ಇಟ್ಟ. ಮುಟ್ಟಿದಾಗಲೆಲ್ಲ ತಂತಿ ಒರೆಸುವನು, ಮರಕ್ಕೆ ಎಣ್ಣೆ ಸವರುವನು, ಕತ್ತಿನೊಳಗಿನ ಸರಳನ್ನು ಸಣ್ಣ ಕೀಲಿಯಿಂದ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡುವನು. ಮಳೆಗಾಲದಲ್ಲಿ ಮನೆಯವರ ಬಟ್ಟೆ ಒಣಗದಿದ್ದರೂ ಗಿಟಾರುಗಳು ಒಣಗಿರುತ್ತವೆ ಎಂದು ಹೆಂಡತಿ ಜುಡಿತ್ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ನೋಡಲು ಬಂದವರು ಉಂಗುರ, ವಾಚು ಬಿಚ್ಚಿಟ್ಟೇ ಹತ್ತಿರ ಹೋಗಬೇಕು. ಕಾರ್ಯಕ್ರಮಗಳಿಗೆ ಮಾತ್ರ ಆಂಬ್ರೋಸ್ ತನ್ನ ಹಳೆಯ ಸಾಧಾರಣ ಗಿಟಾರನ್ನೇ ಒಯ್ಯುತ್ತಿದ್ದ.

ಒಂದು ಡಿಸೆಂಬರಿನಲ್ಲಿ ಉಳ್ಳಾಲದ ಕಡಲ ದಂಡೆಯ ಮೇಲೆ ಕಾರ್ಯಕ್ರಮ ನಿಗದಿಯಾಯಿತು. ಅದರ ಹಿಂದಿನ ವಾರ ಸಿಪ್ರಿಯನ್ ಆಂಬ್ರೋಸನ ಮನೆಗೆ ಬಂದ. ಚಹಾ ಬೇಡವೆಂದ. ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತ.

"ಈ ಸಲ ಅಕ್ರೋಟ್ ಮರದ್ದನ್ನು ತಾ ಮಾರಾಯ," ಎಂದ. "ಅದರ ಜೊತೆ ಒಂದು ಸಲ ಬಾರಿಸಬೇಕು ಅಂತ ಆಸೆ ಉಂಟು."

ಆಂಬ್ರೋಸ್ ಒಪ್ಪಲಿಲ್ಲ. ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ, ತಂತಿಗೆ, ತಿರುಪಿಗೆ ತುಕ್ಕು ಹಿಡಿಯುತ್ತದೆ, ಜನ ವೇದಿಕೆ ಹತ್ತಿ ಮೈಮೇಲೆ ಬೀಳುತ್ತಾರೆ ಎಂದೆಲ್ಲ ವಿವರಿಸಿದ. ಮುಂದಿನ ವರ್ಷ ಸಭಾಂಗಣದೊಳಗೆ ಕಾರ್ಯಕ್ರಮವಾದರೆ ಖಂಡಿತ ತರುತ್ತೇನೆಂದ. ಸಿಪ್ರಿಯನ್ ವಾದ ಮಾಡಲಿಲ್ಲ. ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಆಗಲಿ ಬಿಡು ಎಂದು ಹೊರಟುಹೋದ.

ದಂಡೆಯ ಮೇಲಿನ ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಸಿಪ್ರಿಯನ್ ಅಂದು ಬಾರಿಸಿದ ಹಾಗೆ ಹಿಂದೆಂದೂ ಬಾರಿಸಿರಲಿಲ್ಲ. ಎಲ್ಲರೂ ವೇದಿಕೆಯಿಂದ ಇಳಿದು ಊಟಕ್ಕೆ ಹೋದರೂ ಅವನು ಡ್ರಮ್ಸಿನ ಹಿಂದೆಯೇ ಕೂತಿದ್ದ. ದಣಿದಿರಬೇಕು ಎಂದುಕೊಂಡ ಆಂಬ್ರೋಸ್, ತಾನೂ ಊಟಕ್ಕೆ ನಡೆದ.

ಬೇಸಿಗೆ ಬಂತು. ಸಿಪ್ರಿಯನ್ ಎರಡು ಮದುವೆಗಳಿಗೆ ಬರಲಿಲ್ಲ. ಬೇಕರಿಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಕಳಿಸಿದ. ಒಂದು ದಿನ ಅವನ ಹೆಂಡತಿ ಸಬೀನಾ ಕನ್ನಡಕ ಸರಿಮಾಡಿಸಲು ಅಂಗಡಿಗೆ ಬಂದಾಗ ನಿಜ ತಿಳಿಯಿತು. ಸಿಪ್ರಿಯನನಿಗೆ ಕೈ ನಡುಗುವ ಕಾಯಿಲೆ. ಕೇಕಿನ ಮೇಲೆ ಹೆಸರು ಬರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಈಗ ಅದನ್ನೆಲ್ಲ ಮಗಳು ಮಾಡುತ್ತಾಳೆ. ಡ್ರಮ್ಸ್ ಬಾರಿಸಲು ಇನ್ನು ಹೆಚ್ಚು ದಿನ ಆಗಲಿಕ್ಕಿಲ್ಲವೆಂದು ಡಾಕ್ಟರು ಡಿಸೆಂಬರಿಗೆ ಮೊದಲೇ ಹೇಳಿದ್ದರಂತೆ. ಯಾರಿಗೂ ತಿಳಿಸಬಾರದೆಂದು ಅವನೇ ಆಣೆ ಹಾಕಿಸಿದ್ದನಂತೆ.

ಆಂಬ್ರೋಸ್ ಅಂಗಡಿಯನ್ನು ಅರ್ಧ ದಿನಕ್ಕೇ ಮುಚ್ಚಿ ಮನೆಗೆ ಬಂದ. ಕಪಾಟು ತೆರೆದು ಅಕ್ರೋಟ್ ಮರದ ಬೇಸನ್ನು ತೆಗೆದು, ಸಣ್ಣದೊಂದು ಸ್ಪೀಕರಿನ ಜೊತೆ ಕಾರಿಗೆ ಹಾಕಿಕೊಂಡು ಸಿಪ್ರಿಯನನ ಮನೆಗೆ ಹೋದ. ಅವನು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೇ ಅಲುಗುತ್ತಿತ್ತು.

ಆಂಬ್ರೋಸ್ ಪಕ್ಕದಲ್ಲಿ ಕೂತು ನುಡಿಸಿದ. ಇಬ್ಬರೂ ಸೇರಿ ಎಷ್ಟೋ ಮದುವೆಗಳಲ್ಲಿ ನುಡಿಸಿದ್ದ ಹಾಡುಗಳು. ಸಿಪ್ರಿಯನ್ ಮೊದಲು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಕೈ ಚಾಚಿ ಅಂಗೈಯನ್ನು ಗಿಟಾರಿನ ಮೈಮೇಲೆ ಇಟ್ಟ. ಉಂಗುರ ಬಿಚ್ಚಿರಲಿಲ್ಲ. ನಡುಗುವ ಕೈಯ ಉಂಗುರ ಹೊಳೆಯುವ ಮರದ ಮೇಲೆ ಗೀರು ಹಾಕಿತು. ಆಂಬ್ರೋಸ್ ಅದನ್ನು ನೋಡಿದ. ನುಡಿಸುವುದನ್ನು ನಿಲ್ಲಿಸಲಿಲ್ಲ.

"ಚಂದ ಉಂಟು," ಎಂದ ಸಿಪ್ರಿಯನ್.

ಹಾಡು ಮುಗಿದ ಮೇಲೆ ಹೇಳಿದ: "ಉಳ್ಳಾಲದಲ್ಲಿ ಆ ದಿನ ಕೈ ಇನ್ನೂ ನನ್ನ ಮಾತು ಕೇಳುತ್ತಿತ್ತು."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಆಂಬ್ರೋಸನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸಬೀನಾ ಇಬ್ಬರಿಗೂ ಚಹಾ ತಂದಳು. ಸಿಪ್ರಿಯನನ ಲೋಟವನ್ನು ಅವಳೇ ಹಿಡಿದು ಕುಡಿಸಿದಳು.

ಅಂದಿನಿಂದ ಆಂಬ್ರೋಸ್ ಆ ಬೇಸನ್ನು ಎಲ್ಲ ಕಡೆಗೂ ಒಯ್ಯುತ್ತಾನೆ. ಬೆವರು, ಧೂಳು, ಕಡಲ ಗಾಳಿ ಯಾವುದನ್ನೂ ಲೆಕ್ಕಿಸುವುದಿಲ್ಲ. ಉಳಿದೆರಡನ್ನು ಕಲಿಯುವವರಿಗೆ ಕೊಟ್ಟಿದ್ದಾನೆ. ಬೇಸಿನ ನಾದ ಎಷ್ಟು ಚೆನ್ನಾಗಿದೆ ಎಂದು ಜನ ಹೊಗಳುತ್ತಾರೆ. ಹಿಂದೆ ಕೂತು ಬಾರಿಸುವವನು ಹೊಸ ಡ್ರಮ್ಮರ್, ಜಾಣ, ತಾಳ ಒಂದಿಷ್ಟೂ ತಪ್ಪುವುದಿಲ್ಲ. ಸಿಪ್ರಿಯನ್ ಕಾರ್ಯಕ್ರಮಗಳಿಗೆ ತಪ್ಪದೆ ಬರುತ್ತಾನೆ. ನಡುಗುವ ಕೈಗಳನ್ನು ತೊಡೆಗಳ ಕೆಳಗೆ ಅದುಮಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನು ತಲೆದೂಗುತ್ತಾನೆ.

ನೀತಿ: ಪ್ರೀತಿಯ ವಸ್ತುವನ್ನು ಜೋಪಾನ ಮಾಡುವುದು ತಪ್ಪಲ್ಲ. ಆದರೆ ಅದಕ್ಕೆ ಗೀರು ಬಿದ್ದೀತೆಂದು ಹೆದರಿ, ಪ್ರೀತಿಯ ಮನುಷ್ಯರಿಗೆ "ಮುಂದಿನ ವರ್ಷ" ಎನ್ನಬಾರದು. ವಸ್ತುವನ್ನು ಎಷ್ಟು ವರ್ಷ ಬೇಕಾದರೂ ಕಾಪಾಡಿ ಇಡಬಹುದು. ಜೊತೆಗಾರನ ಒಳ್ಳೆಯ ದಿನಗಳನ್ನು ಹಾಗೆ ಇಡಲು ಆಗುವುದಿಲ್ಲ.